ಶಿವಮೊಗ್ಗಕ್ಕೆ ಹೊಸದಾಗಿ ಬಂದವರು ಮೊದಲು ನೋಡಬೇಕಾದ ಸಿನಿಮಾ

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ವರ್ಗವಾಗಿ ಬಂದಿದ್ದೀರಿ, ಈಚಿನ ಕನ್ನಡ ಸಿನಿಮಾಗಳಲ್ಲಿ ಯಾವುದು ನೋಡಲೇಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಅಂತ ಕೇಳಿದ್ದೀರಿ. ಒಂದೇ ಹೆಸರು ಹೇಳು ಅಂದರೆ ‘ಅಜ್ಞಾತವಾಸಿ’. ನೀವೀಗ ಬಂದಿರುವ ಸೀಮೆ ಎಂಥದ್ದು ಅಂತ ತಿಳಿಯೋಕೆ ಅದಕ್ಕಿಂತ ಒಳ್ಳೆಯ ಸಿನಿಮಾ ಈಚೆಗೆ ಬಂದಿಲ್ಲ.

2025ರ ಏಪ್ರಿಲ್‌ನಲ್ಲಿ ಬಂತು. ನಿರ್ದೇಶನ ಜನಾರ್ದನ್ ಚಿಕ್ಕಣ್ಣ, ನಿರ್ಮಾಣ ಹೇಮಂತ್ ರಾವ್. ತೊಂಬತ್ತರ ದಶಕದ ಮಲೆನಾಡಿನ ಒಂದು ಊರು. ಅಲ್ಲಿನ ಪೊಲೀಸ್ ಠಾಣೆಗೆ ಕೇಸೇ ಬರುವುದಿಲ್ಲ. ಅಂಥ ಕಡೆ ಒಂದು ಸಾವು ಆಗುತ್ತದೆ, ಇನ್‌ಸ್ಪೆಕ್ಟರ್ ಪಾತ್ರದಲ್ಲಿ ರಂಗಾಯಣ ರಘು ಅದರ ಹಿಂದೆ ಬೀಳುತ್ತಾರೆ. ಕಥೆ ಇಷ್ಟೇ ಹೇಳುತ್ತೇನೆ, ಮುಂದಿನದು ನೀವೇ ನೋಡಿ. ಅವರ ಅಭಿನಯದ ಬಗ್ಗೆ ಮಾತ್ರ ಹೇಳಲೇಬೇಕು. ಇಡೀ ಸಿನಿಮಾದಲ್ಲಿ ದನಿ ಏರಿಸದೆ, ನಡಿಗೆಯಲ್ಲೇ ಆ ಮನುಷ್ಯನ ಭಾರ ಕಾಣಿಸುತ್ತಾರೆ. ಇಂಥ ನಟನನ್ನು ವರ್ಷಗಟ್ಟಲೆ ಕೂಗಾಡುವ ಕಾಮಿಡಿಗೇ ಜಾಸ್ತಿ ಬಳಸಿಕೊಂಡರಲ್ಲ ಅಂತ ನನಗೆ ನಿಜವಾಗಿ ಬೇಜಾರಿದೆ.

ಮಲೆನಾಡು ಅಂದರೆ ಸಿನಿಮಾದವರಿಗೆ ಬಹಳ ಕಾಲ ಹಾಡಿನ ಲೊಕೇಶನ್ ಅಷ್ಟೇ ಆಗಿತ್ತು. ಜೋಗ, ಹಸಿರು ಗುಡ್ಡ, ಒಂದಿಷ್ಟು ಮಂಜು, ಮಳೆಯಲ್ಲಿ ನೆನೆಯುವ ಹೀರೊ ಹೀರೊಯಿನ್. ಇಲ್ಲಿ ಬದುಕುವವರಿಗೆ ಮಳೆಗಾಲ ಅಂದರೆ ಒಣಗದ ಬಟ್ಟೆ, ಹೋದರೆ ಬಾರದ ಕರೆಂಟು, ಅಡಿಕೆಗೆ ಕೊಳೆರೋಗ ಬರುವ ಮೊದಲು ಔಷಧಿ ಹೊಡೆಸೋಕೆ ಮರ ಹತ್ತುವ ಕೊನೆಗಾರ ಸಿಗದೆ ಪಡುವ ಒದ್ದಾಟ. ಪಕ್ಕದ ಮನೆ ಅಂದರೂ ತೋಟ ದಾಟಿ ಹೋಗಬೇಕು. ಹಾಗಾಗಿ ಒಂದು ಮನೆಯೊಳಗೆ ಏನು ನಡೆಯುತ್ತಿದೆ ಅಂತ ಇನ್ನೊಂದು ಮನೆಗೆ ಗೊತ್ತಾಗುವುದಿಲ್ಲ, ಗೊತ್ತಾದರೂ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ‘ಅಜ್ಞಾತವಾಸಿ’ಯ ಕಥೆ ನಿಂತಿರುವುದೇ ಇದರ ಮೇಲೆ. ಕಾಡು, ಮಳೆ, ಕತ್ತಲೆ ಎಲ್ಲಕ್ಕೂ ಅದರಲ್ಲಿ ಕೆಲಸ ಇದೆ. ಮೊದಲರ್ಧ ನಿಧಾನ, ನಿಜ. ಕೊಲೆ ಮಾಡಿದವರು ಯಾರು ಅನ್ನೋ ಕುತೂಹಲಕ್ಕೆ ಮಾತ್ರ ಕೂತವರಿಗೆ ನಿರಾಸೆ ಆಗಬಹುದು.

ಅದಾದ ಮೇಲೆ ‘ಶಾಖಾಹಾರಿ’ ನೋಡಿ, 2024ರ ಫೆಬ್ರವರಿಯದು, ನಿರ್ದೇಶಕ ಸಂದೀಪ್ ಸುಂಕದ್. ಮತ್ತೆ ಮಲೆನಾಡು, ಮತ್ತೆ ರಂಗಾಯಣ ರಘು, ಈ ಸಲ ಸಣ್ಣ ಹೋಟೆಲ್ ನಡೆಸುವ ಸುಬ್ಬಣ್ಣ. ಪೊಲೀಸರಿಂದ ತಪ್ಪಿಸಿಕೊಂಡ ಹುಡುಗ ಒಬ್ಬ ಆ ಹೋಟೆಲಿಗೆ ಬಂದು ಸೇರಿಕೊಳ್ಳುತ್ತಾನೆ. ಪೊಲೀಸ್ ಪಾತ್ರದಲ್ಲಿ ಗೋಪಾಲಕೃಷ್ಣ ದೇಶಪಾಂಡೆ ಇದ್ದಾರೆ, ಇಬ್ಬರೂ ಎದುರುಬದುರು ಕೂತ ದೃಶ್ಯಗಳಿಗೇ ಟಿಕೆಟ್ ದುಡ್ಡು ಸಂದಾಯ. ನಮ್ಮ ಕಡೆ ಬಸ್‌ಸ್ಟ್ಯಾಂಡ್ ಹತ್ತಿರ ಇಂಥ ಹೋಟೆಲ್ ಈಗಲೂ ಇವೆ, ಅವುಗಳ ಬೆಂಚು, ಹೊಗೆ ಹಿಡಿದ ಗೋಡೆ, ದಿನಾ ಬರುವ ಅದೇ ನಾಲ್ಕು ಮುಖ, ಎಲ್ಲ ಸರಿಯಾಗಿ ಕೂತಿದೆ.

ಅದೇ ವರ್ಷ ಮಾರ್ಚ್‌ನಲ್ಲಿ ಬಂದ ‘ಕೆರೆಬೇಟೆ’ಯನ್ನೂ ಬಿಡಬೇಡಿ. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಊರವರೆಲ್ಲ ಒಟ್ಟಿಗೆ ಕೂಣಿ ಅನ್ನೋ ಬಿದಿರಿನ ಬುಟ್ಟಿ ಹಿಡಿದು ಇಳಿದು ಮೀನು ಹಿಡಿಯುತ್ತಾರಲ್ಲ, ಸೊರಬ, ಸಾಗರದ ಕಡೆ ನೀವು ಈ ಬೇಸಿಗೆಯಲ್ಲೇ ನೋಡಬಹುದು, ಅದನ್ನು ಕಥೆಯೊಳಗೆ ತಂದಿದ್ದಾರೆ. ಜಾತಿ, ಪ್ರೀತಿ, ಜಗಳ ಎಲ್ಲ ಇದೆ. ಫೈಟ್ ಸ್ವಲ್ಪ ಜಾಸ್ತಿ ಆಯ್ತು.

ಈಗ ದೊಡ್ಡ ಸಿನಿಮಾಕ್ಕೆ ಬರೋಣ. ‘ಕಾಂತಾರ: ಅಧ್ಯಾಯ 1’, 2025ರ ಅಕ್ಟೋಬರ್ 2. ಕದಂಬರ ಕಾಲಕ್ಕೆ ಹೋಗುವ ಕಥೆ, ಎರಡೂಮುಕ್ಕಾಲು ಗಂಟೆ. ಅರವಿಂದ್ ಕಶ್ಯಪ್ ಕ್ಯಾಮೆರಾ, ಅಜನೀಶ್ ಸಂಗೀತ, ದೈವ ಮೈಮೇಲೆ ಬಂದಾಗ ರಿಷಬ್ ಶೆಟ್ಟಿಯ ಅಬ್ಬರ, ಇದನ್ನೆಲ್ಲ ದೊಡ್ಡ ಪರದೆಯಲ್ಲೇ ನೋಡಬೇಕಿತ್ತು. ಆದರೂ ನನ್ನ ಮನಸ್ಸು 2022ರ ಕಾಂತಾರದ ಕಡೆಗೇ ವಾಲುತ್ತದೆ. ಅದರಲ್ಲಿ ಅರಣ್ಯ ಇಲಾಖೆಯವರು ಬೇಲಿ ಹಾಕೋಕೆ ಬಂದಾಗ ನಮ್ಮ ಜಿಲ್ಲೆಯ ಜನಕ್ಕೆ ಹೊಟ್ಟೆಯಲ್ಲಿ ಸಂಕಟ ಆಯ್ತು, ಯಾಕೆಂದರೆ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟು ಬಂದ ಶರಾವತಿ ಸಂತ್ರಸ್ತರಲ್ಲಿ ಎಷ್ಟೋ ಮನೆಯವರು, ಅರವತ್ತು ವರ್ಷ ಆದರೂ, ಉಳುವ ಜಮೀನಿನ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ. ಹೊಸದರಲ್ಲಿ ರಾಜ, ಬಂದರು, ಯುದ್ಧ ಎಲ್ಲ ಕಣ್ಣಿಗೆ ಹಬ್ಬ, ಆ ಸಂಕಟ ಮಾತ್ರ ಸಿಗಲಿಲ್ಲ.

ನನಗೆ ನಿಜಕ್ಕೂ ಕಾಡುವ ವಿಷಯ ಬೇರೆ. ‘ಅಜ್ಞಾತವಾಸಿ’ಯಂಥ ಸಿನಿಮಾ ಬಂದರೆ ನಮ್ಮ ಊರಲ್ಲಿ ದಿನಕ್ಕೆ ಒಂದೆರಡು ಶೋ ಸಿಕ್ಕರೆ ಹೆಚ್ಚು. ಚೆನ್ನಾಗಿದೆಯಂತೆ ಅನ್ನೋ ಮಾತು ತೀರ್ಥಹಳ್ಳಿ, ಹೊಸನಗರ ಮುಟ್ಟುವ ಹೊತ್ತಿಗೆ ಸಿನಿಮಾ ಎತ್ತಿರುತ್ತಾರೆ. ತಾಲ್ಲೂಕಿನ ಟಾಕೀಸುಗಳು ಎಷ್ಟೋ ಕಡೆ ಮುಚ್ಚಿ ಹೋಗಿವೆ, ಅಲ್ಲಿನವರು ಬಸ್ ಹತ್ತಿ ಶಿವಮೊಗ್ಗಕ್ಕೇ ಬರಬೇಕು. ಮಲೆನಾಡಿನ ಸಿನಿಮಾವನ್ನು ಮಲೆನಾಡಿನವರೇ ಮೊಬೈಲಿನಲ್ಲಿ ನೋಡಿ, ಅಯ್ಯೋ ಥಿಯೇಟರಲ್ಲಿ ನೋಡಬೇಕಿತ್ತು ಅಂತ ಪೇಚಾಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಟಿಕೆಟ್ ದರವೂ ಒಂದು ಕಾರಣ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಾಲ್ಕು ಜನರ ಸಂಸಾರ ಒಂದು ದೊಡ್ಡ ಸಿನಿಮಾಕ್ಕೆ ಹೋಗಿ ಬಂದರೆ ಆ ತಿಂಗಳು ಸಣ್ಣ ಸಿನಿಮಾಕ್ಕೆ ಎಲ್ಲಿಂದ ದುಡ್ಡು ತರಬೇಕು ಹೇಳಿ?

ಮೊದಲ ದಿನವೇ ಮಾತು ಹರಡಿದರೆ ಏನಾಗುತ್ತದೆ ಅನ್ನೋದಕ್ಕೆ ‘ಸು ಫ್ರಮ್ ಸೋ’ ಇದೆಯಲ್ಲ. 2025ರ ಜುಲೈನಲ್ಲಿ ಬಂದ ಘಟ್ಟದ ಕೆಳಗಿನ ಕಥೆ, ನಿರ್ದೇಶಕ ಜೆ.ಪಿ. ತುಮಿನಾಡ್ ಅವರೇ ಮುಖ್ಯ ಪಾತ್ರದಲ್ಲೂ ಇದ್ದಾರೆ, ನಿರ್ಮಾಪಕರಲ್ಲಿ ರಾಜ್ ಬಿ. ಶೆಟ್ಟಿ ಒಬ್ಬರು. ಸ್ಟಾರ್ ಇಲ್ಲ, ಕೆಲವೇ ಕೋಟಿಯ ಬಜೆಟ್. ಗಳಿಕೆ 100 ಕೋಟಿ ದಾಟಿತು. ಊರಿನ ಹುಡುಗನಿಗೆ ಸೋಮೇಶ್ವರದ ಸುಲೋಚನೆಯ ದೆವ್ವ ಹಿಡಿದಿದೆ ಅಂತ ಗುಲ್ಲೆದ್ದು ಊರೇ ಗಡಗಡ ಆಗುತ್ತದೆ. ನಕ್ಕು ನಕ್ಕು ಸುಸ್ತಾಗುತ್ತೀರಿ, ಕೊನೆಗೆ ಒಬ್ಬಂಟಿ ಹೆಣ್ಣುಮಕ್ಕಳ ಕಷ್ಟದ ಹತ್ತಿರ ಬಂದು ನಿಲ್ಲುತ್ತದೆ. ಶನೀಲ್ ಗೌತಮ್ ಮಾಡಿರುವ ರವಿಯಣ್ಣನಂಥವರು ಪ್ರತಿ ಊರಲ್ಲೂ ಒಬ್ಬರು ಇದ್ದೇ ಇರುತ್ತಾರೆ ಅಲ್ವಾ?

ಹಾಗಾಗಿ ಇನ್ನು ಮುಂದೆ ಇಲ್ಲಿ ಹೆಸರು ಕೇಳಿರದ ಕನ್ನಡ ಸಿನಿಮಾ ಬಂದರೆ, ಟ್ರೇಲರ್ ಹಿಡಿಸಿದರೆ, ಎರಡನೇ ವಾರಕ್ಕೆ ಕಾಯಬೇಡಿ. ಶುಕ್ರವಾರ ಆಫೀಸು ಬಿಟ್ಟವರೇ ಸೀದಾ ಹೋಗಿ, ಸ್ಟಾರ್ ಸಿನಿಮಾ ಹೇಗೂ ಸ್ವಲ್ಪ ದಿನ ಓಡುತ್ತದೆ. ಮೇಲೆ ಹೇಳಿದವನ್ನು ಈಗ ಮನೆಯಲ್ಲೇ ನೋಡಬೇಕಷ್ಟೆ. ‘ಅಜ್ಞಾತವಾಸಿ’ಯನ್ನು ರಾತ್ರಿ ದೀಪ ಆರಿಸಿ, ಟಿವಿಯಲ್ಲಿ ನೋಡಿ, ಮೊಬೈಲ್ ಬೇಡ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ‘ಶಾಖಾಹಾರಿ’ ಅವರು ಮಲಗಿದ ಮೇಲೆ ಹಾಕಿ, ಹೆಸರು ಕೇಳಿ ಸಾಧು ಸಿನಿಮಾ ಅಂದುಕೊಳ್ಳಬೇಡಿ. ‘ಸು ಫ್ರಮ್ ಸೋ’ಗೆ ಅಜ್ಜಿಯನ್ನೂ ಕೂರಿಸಿಕೊಳ್ಳಬಹುದು.