ಹತ್ತಡಿ ಕೋಣೆಗೆ ಯಾವ 5.1 ಸ್ಪೀಕರ್ ಸೆಟ್ ಒಳ್ಳೆಯದು?

ವಿದ್ಯಾನಗರದ ಮನೆ, 10×10 ಅಡಿಯ ಕೋಣೆ, ಕೈಯಲ್ಲಿ 40 ಸಾವಿರ, ಬೇಸ್ (ತಗ್ಗುಸ್ವರದ ಗುಡುಗು) ಎದೆಗೆ ತಾಗಬೇಕು ಎಂದು ಬರೆದಿದ್ದೀರಿ. 5.1 ಅಂದರೆ ಸುತ್ತಲೂ ಐದು ಸ್ಪೀಕರ್, ಬೇಸಿಗೆಂದೇ ಒಂದು ಸಬ್‌ವೂಫರ್. ಓದುತ್ತಿದ್ದಂತೆ 2016ರ ದೀಪಾವಳಿಯ ವಾರ ಕಣ್ಣ ಮುಂದೆ ಬಂತು. ಊರು ಇದೇ ದಾವಣಗೆರೆ, ಬಡಾವಣೆ ನಿಟ್ಟುವಳ್ಳಿ, ಕೋಣೆಯ ಅಳತೆಯೂ ಇದೇ.

ಪಿ.ಬಿ. ರಸ್ತೆಯ ಅಂಗಡಿಯೊಂದರಲ್ಲಿ ಸೆಟ್ ಕೇಳಿದೆ. ಗೋದಾಮಿನಷ್ಟು ಉದ್ದದ ಅಂಗಡಿ, ರಸ್ತೆಯ ಕಡೆ ಶಟರ್ ಪೂರ್ತಿ ಮೇಲೆ. ಯುದ್ಧದ ದೃಶ್ಯವೊಂದನ್ನು ಹಾಕಿ ತೋರಿಸಿದರು. ಮೈ ಜುಮ್ಮೆಂದಿತು. 38 ಸಾವಿರ ಎಣಿಸಿಕೊಟ್ಟು, ಹತ್ತು ಇಂಚಿನ ಸಬ್‌ವೂಫರನ್ನು ಆಟೋದಲ್ಲಿ ಕಾಲ ನಡುವೆ ಇಟ್ಟುಕೊಂಡು ಮನೆಗೆ ತಂದೆ. ಟಿ.ವಿ. ಪಕ್ಕದ ಮೂಲೆ ಖಾಲಿ ಇತ್ತು, ಸಬ್‌ವೂಫರ್ ಅಲ್ಲಿ ಕೂತಿತು. ಕೋಣೆಯ ನಟ್ಟನಡುವೆ ಕುರ್ಚಿ ಹಾಕಿ ಅದೇ ದೃಶ್ಯ ಹಚ್ಚಿದೆ. ಗುಂಡು ಹಾರಿದವು, ಗಾಜು ಒಡೆಯಿತು. ಬೇಸ್ ಮಾತ್ರ ಇಲ್ಲವೇ ಇಲ್ಲ.

ನನ್ನ ತಪ್ಪು ಇಲ್ಲಿಂದ ಶುರುವಾಗುತ್ತದೆ. ಹಣ ಹೋದದ್ದು ಇಲ್ಲಿಯೇ ಆದ್ದರಿಂದ ಬಿಡಿಸಿ ಹೇಳುತ್ತೇನೆ. ಬೇಸ್ ಕೇಳಿಸದಿದ್ದಾಗ ಸಬ್‌ವೂಫರಿನ ಹಿಂದಿನ ನಾಬ್ ತಿರುಗಿಸಿದೆ. ಸಾಲಲಿಲ್ಲ, ಇನ್ನಷ್ಟು ತಿರುಗಿಸಿದೆ. ಅಡುಗೆಮನೆಯಲ್ಲಿ ಸ್ಟ್ಯಾಂಡಿನ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ಕಟಕಟ ಬಡಿದುಕೊಂಡವು. ಬೀರುವಿನ ಹಿಡಿ ಒಂದೇ ಒಂದು ಸ್ವರ ಬಂದಾಗಲೆಲ್ಲ ಗಿರ್ ಎಂದು ನಡುಗುತ್ತಿತ್ತು. ಕುರ್ಚಿಯಲ್ಲಿದ್ದ ನನಗೆ ಆಗಲೂ ಬೇಸ್ ಇಲ್ಲ. ಯಂತ್ರವೇ ದೋಷದ್ದು ಎಂದುಕೊಂಡು ಮೆಕ್ಯಾನಿಕ್ ಕರೆಸಿದೆ. ಅವರು ಬಿಚ್ಚಿ ನೋಡಿ ಸರಿಯಾಗಿದೆ ಎಂದರು, ನಾನು ನಂಬಲಿಲ್ಲ. ಮೇಲೆ 19 ಸಾವಿರ ಸುರಿದು ಹನ್ನೆರಡು ಇಂಚಿನ ಸಬ್‌ವೂಫರ್ ತಂದು ಅದೇ ಮೂಲೆಯಲ್ಲಿ ಇಟ್ಟೆ. ತಟ್ಟೆಗಳ ಸದ್ದು ಜಾಸ್ತಿಯಾಯಿತು, ಅಷ್ಟೇ.

ಅವರೆಕಾಯಿಯ ದಿನಗಳು. ಅವ್ವ ಹೊಸ್ತಿಲ ಪಕ್ಕದ ಗೋಡೆಗೆ ಒರಗಿ ಕಾಳು ಬಿಡಿಸುತ್ತಿದ್ದಳು. ನಾನು ಗೊಣಗಿದ್ದು ಕೇಳಿ, “ಇಲ್ಲ ಇಲ್ಲ ಎನ್ನುತ್ತೀಯಲ್ಲೋ, ನನ್ನ ಬೆನ್ನೆಲ್ಲ ನಡುಗುತ್ತಿದೆ. ಇಲ್ಲಿ ಬಂದು ಕೂತು ನೋಡು” ಎಂದಳು. ಹೋಗಿ ಪಕ್ಕದಲ್ಲಿ ಕುಳಿತೆ. ಮಾತೇ ಕೇಳಿಸದಷ್ಟು ಬೇಸ್! ಎದ್ದು ಎರಡು ಹೆಜ್ಜೆ ನಡುವಿಗೆ ಬಂದೆ, ಮಾಯ. ಮತ್ತೆ ಗೋಡೆಗೆ ಹೋದೆ, ಬಂತು. ಅಂದೇ ಟೇಪು ಹಿಡಿದು ಅಳೆದೆ. ಉದ್ದ 10, ಅಗಲ 10, ತಾರಸಿಯ ಎತ್ತರವೂ 10. ನನ್ನ ಕೋಣೆ ಪಗಡೆಯ ದಾಳದಂತಿತ್ತು.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹತ್ತಡಿ ಎಂದರೆ 3.05 ಮೀಟರ್. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸುವ ಬೇಸ್ ಸ್ವರ 56 ಹರ್ಟ್ಜ್‌ನ, ಅಂದರೆ ಸೆಕೆಂಡಿಗೆ 56 ಕಂಪನಗಳ, ಆಸುಪಾಸಿನದು. ಆ ಸ್ವರ ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಅಲ್ಲಿಯೇ ನಿಂತುಬಿಡುತ್ತದೆ: ಗೋಡೆಯ ಬಳಿ ಅತಿ ಜೋರು, ನಟ್ಟನಡುವೆ ಬಹುತೇಕ ಸೊನ್ನೆ. ಉದ್ದ, ಅಗಲ, ಎತ್ತರ ಬೇರೆ ಬೇರೆ ಇದ್ದರೆ ಈ ಸ್ವರಗಳೂ ಹಂಚಿಹೋಗುತ್ತವೆ. 13 ಅಡಿಗೆ 43 ಹರ್ಟ್ಜ್, 9 ಅಡಿಗೆ 62. ಮೂರೂ ಒಂದೇ ಆದರೆ ಮೂರರ ಪೆಟ್ಟೂ ಒಂದೇ ಸ್ವರದ ಮೇಲೆ ಬೀಳುತ್ತದೆ. ಮೂಲೆಯಲ್ಲಿಟ್ಟ ಸಬ್‌ವೂಫರ್ ಆ ಮೂರನ್ನೂ ಒಟ್ಟಿಗೆ ಕೆರಳಿಸುತ್ತದೆ. ನಾನು ಸೊನ್ನೆಯ ಜಾಗದಲ್ಲಿ ಕುಳಿತು ನಾಬ್ ತಿರುಗಿಸುತ್ತಿದ್ದೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೇ? ಎಲ್ಲವನ್ನೂ ಸೇರಿಸಿ 21 ಸಾವಿರಕ್ಕೆ ಮಾರಿದೆ.

ಆದ್ದರಿಂದ ನೇರವಾಗಿ ಹೇಳುತ್ತೇನೆ: ಯಾವ 5.1 ಎಂದು ಕೇಳಬೇಡಿ, ಆ ಕೋಣೆಗೆ 5.1 ಬೇಡ. ಹಿಂದಿನ ಎರಡು ಸ್ಪೀಕರ್ ಕಿವಿಯ ಪಕ್ಕಕ್ಕಿಂತ ತುಸು ಹಿಂದೆ, ಸಾಕಷ್ಟು ದೂರದಲ್ಲಿ ಇರಬೇಕು. ಗೋಡೆಗೆ ತಾಗಿಸಿದ ಮಂಚದ ಮೇಲೆ ಒರಗಿ ನೋಡುವವರಿಗೆ ಹಿಂದೆ ಜಾಗ ಎಲ್ಲಿದೆ? ಕಿವಿಯಿಂದ ಒಂದು ಮೊಳ ದೂರದಲ್ಲಿ ಪೆಟ್ಟಿಗೆಯೊಂದು ಕೂಗುತ್ತಿದ್ದರೆ ಸುತ್ತಲಿನ ಸದ್ದು ಹುಟ್ಟುವುದಿಲ್ಲ, ಪೆಟ್ಟಿಗೆಯ ಕೂಗಷ್ಟೇ ಕೇಳುತ್ತದೆ. ಅದೂ ಅಲ್ಲದೆ ಟಿ.ವಿ.ಯಿಂದ ಕೆಂಪು-ಬಿಳಿ ಪಿನ್ನಿನ ವೈರ್ ಎಳೆದರೆ ಹೋಗುವುದು ಎರಡೇ ಚಾನೆಲ್, ಎಡದ ಸದ್ದು ಮತ್ತು ಬಲದ ಸದ್ದು. ಉಳಿದ ಸ್ಪೀಕರ್‌ಗಳು ಅದನ್ನೇ ಹಂಚಿಕೊಂಡು ಹಾಡುತ್ತವೆ. ಟಿ.ವಿ.ಯಿಂದ ಎಲ್ಲ ಚಾನೆಲ್‌ಗಳ ಸದ್ದನ್ನೂ ಒಂದೇ ವೈರಿನಲ್ಲಿ ತರುವ ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ವೈರ್ ಚುಚ್ಚುವ ಜಾಗ ಇಲ್ಲದ ಸೆಟ್‌ಗಳನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.

ಇಡೀ ಹಣವನ್ನು ಎರಡು ಒಳ್ಳೆಯ ಬುಕ್‌ಶೆಲ್ಫ್ (ಪುಸ್ತಕದ ಕಪಾಟಿನಲ್ಲಿ ಹಿಡಿಸುವಷ್ಟು ಚಿಕ್ಕ) ಸ್ಪೀಕರ್‌ಗಳಿಗೂ ಅವುಗಳಿಗೆ ತಕ್ಕ ಆಂಪ್ಲಿಫೈಯರಿಗೂ ಹಾಕಿ. ಎರಡನ್ನೂ ಕೂತವರ ಕಿವಿಯ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ಇಡಿ. ಅವುಗಳ ನಡುವೆ ಐದಡಿ ಇದ್ದರೆ ನಿಮ್ಮಿಂದ ಪ್ರತಿಯೊಂದಕ್ಕೂ ಐದಡಿಯೇ ಇರಲಿ. ನೀವು ಕೂರುವ ಜಾಗ ನಡುಮಧ್ಯವೂ ಆಗಬಾರದು, ಹಿಂಗೋಡೆಗೆ ಅಂಟಿಯೂ ಇರಬಾರದು. ಹಿಂಗೋಡೆಯಿಂದ ಮೂರೂವರೆ ಅಡಿ ಮುಂದೆ ಬಂದು ಕೇಳಿ ನೋಡಿ. ನಾನು ಮಂಚವನ್ನು ಪಕ್ಕದ ಗೋಡೆಗೆ ತಿರುಗಿಸಿದೆ. ಆ ಬದಲಾವಣೆಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ, 19 ಸಾವಿರದ ಸಬ್‌ವೂಫರ್ ಕೊಡದ ಬೇಸನ್ನು ಅದೇ ಕೊಟ್ಟಿತು.

ಟೈಲ್ಸ್ ನೆಲ, ಬರಿಯ ಗೋಡೆಗಳು ಇದ್ದರೆ ಒಮ್ಮೆ ಚಪ್ಪಾಳೆ ತಟ್ಟಿ. ಕಿಣ್ಣೆಂದು ಮಾರ್ದನಿ ಬಂದರೆ ಪಕ್ಕದ ಗೋಡೆಗೆ ಅಜ್ಜಿಯ ಕಾಲದ ಕೌದಿ ತೂಗುಹಾಕಿ, ಮಾತು ತಿಳಿಯಾಗುತ್ತದೆ. ಬೇಸಿಗೆ ಮಾತ್ರ ಕೌದಿಯಿಂದ ಪ್ರಯೋಜನವಿಲ್ಲ. ಆರು ಮೀಟರ್ ಉದ್ದದ ಅಲೆ ಅದರೊಳಗೆ ನುಸುಳಿಹೋಗುತ್ತದೆ. ಮಡಚಿದ ಹತ್ತಿ ಗಾದಿಗಳನ್ನು ಮೂಲೆಗೆ ನಿಲ್ಲಿಸಿಯೂ ನೋಡಿದೆ, ಹಾಡಿನ ದನಿ ಹಿತವಾಯಿತು, ಆ 56 ಹಾಗೆಯೇ ಉಳಿಯಿತು.

ಮನೆಯವರೆಲ್ಲ ಸಾಲಾಗಿ ಕುಳಿತು ನೋಡುವುದಾದರೆ ಮುಂದೆ ಹಣ ಕೂಡಿದಾಗ ಸೆಂಟರ್ ಸ್ಪೀಕರ್ ಸೇರಿಸಿ. ಸಿನಿಮಾದ ಮಾತು ಬಹುಪಾಲು ಬರುವುದು ಅದರಿಂದಲೇ. ಇದಕ್ಕಾಗಿ ಮೊದಲೇ ಎವಿ ರಿಸೀವರ್ (ಎರಡಕ್ಕಿಂತ ಹೆಚ್ಚು ಸ್ಪೀಕರ್ ನಡೆಸಬಲ್ಲ ಆಂಪ್ಲಿಫೈಯರ್) ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಸಬ್‌ವೂಫರ್ ಬೇಕೇಬೇಕು ಅನಿಸಿದರೆ ಎಂಟು ಇಂಚಿನದು ಧಾರಾಳ ಸಾಕು. ಅದನ್ನು ಮೊದಲು ನೀವು ಕೂರುವ ಜಾಗದಲ್ಲೇ ಇಟ್ಟು ಬೇಸ್ ಇರುವ ಹಾಡು ಹಚ್ಚಿ, ಗೋಡೆಗುಂಟ ಅಂಬೆಗಾಲಿನಲ್ಲಿ ಸುತ್ತಿ. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುತ್ತವೆಯೋ ಸಬ್‌ವೂಫರಿನ ಜಾಗ ಅದು. ಕ್ರಾಸ್‌ಓವರ್, ಅಂದರೆ ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿ, 80 ಹರ್ಟ್ಜ್‌ಗೆ ಇಟ್ಟು ಶುರು ಮಾಡಿ.

ಕೋಣೆಯ ಎತ್ತರವನ್ನು ನೀವು ಬರೆದಿಲ್ಲ. ಇವತ್ತೇ ಅಳೆದು ತಿಳಿಸಿ. ಅದೂ 10 ಆಗಿದ್ದರೆ ಸದ್ಯಕ್ಕೆ ಸಬ್‌ವೂಫರಿಗೆ ಕೈ ಹಾಕಬೇಡಿ.