ಹುಡುಗಿಯರಿಗೆ ಪೊಲೀಸ್ ಫಿಸಿಕಲ್ ಸುಲಭ, ಓದು ಒಂದೇ ಸಾಕು ಅಂತಾರೆ, ನಿಜಾನಾ?

ನಿಮ್ಮ ಪ್ರಶ್ನೆಯಲ್ಲಿರೋ ವಿವರ ಇಷ್ಟು: ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕು, ವಯಸ್ಸು 20, ಪಿಯುಸಿ ಪಾಸ್, ಎತ್ತರ 158 ಸೆಂ.ಮೀ., ತೂಕ 43 ಕೆ.ಜಿ. ರಾಜ್ಯ ಪೊಲೀಸ್ ಕಾನ್‌ಸ್ಟೇಬಲ್, ಎಸ್‌ಎಸ್‌ಸಿ ಜಿಡಿ (ಕೇಂದ್ರದ ಅರೆಸೇನಾ ಪಡೆಗಳ ಕಾನ್‌ಸ್ಟೇಬಲ್ ನೇಮಕಾತಿ) ಎರಡಕ್ಕೂ ಓದ್ತಾ ಇದ್ದೀರಿ, ಸೇನೆಯ ಅಗ್ನಿವೀರ್‌ಗೂ ಹಾಕಬಹುದಾ, ತಯಾರಿಗೆ ಮೂರು ತಿಂಗಳು ಸಾಕಾ ಅಂತ ಕೇಳಿದ್ದೀರಿ. "ಹುಡುಗೀರಿಗೆ ಬರೀ 400 ಮೀಟರ್, ರಿಸಲ್ಟ್ ಬಂದ ಮೇಲೆ ಓಡಿದ್ರೆ ಆಯ್ತು" ಅಂತ ಎಲ್ಲರೂ ಹೇಳ್ತಾರೆ, ಇದು ಸರೀನಾ ಅನ್ನೋದು ಮುಖ್ಯ ಪ್ರಶ್ನೆ.

ಸರಿಯಲ್ಲ. ನಾನು ಈ ಭಾಗದ ಹುಡುಗಿಯರಿಗೆ ಫಿಸಿಕಲ್ ಹೇಳಿಕೊಡುವವಳು, ಆ ಮಾತು ಎಲ್ಲಿ ಕೈಕೊಡುತ್ತೆ ಅಂತ ಬಿಡಿಸಿ ಹೇಳ್ತೀನಿ.

ಅಗ್ನಿವೀರ್ ವಿಷಯ ಮೊದಲು ಮುಗಿಸಿಬಿಡೋಣ. ಸೇನೆಯ ಮಹಿಳಾ ಮಿಲಿಟರಿ ಪೊಲೀಸ್‌ಗೆ ಎತ್ತರ 162 ಸೆಂ.ಮೀ. ಬೇಕು. ನಿಮ್ಮದು 158, ಹಾಗಾಗಿ ಅದರ ಮೇಲೆ ಸಮಯ ಹಾಕಬೇಡಿ. ರಾಜ್ಯ ಪೊಲೀಸ್ ಮತ್ತು ಎಸ್‌ಎಸ್‌ಸಿ ಜಿಡಿ ಎರಡರಲ್ಲೂ ಮಹಿಳೆಯರಿಗೆ 157, ಅಲ್ಲಿ ನೀವು ಒಂದು ಸೆಂ.ಮೀ. ಮೇಲಿದ್ದೀರಿ. ಪರಿಶಿಷ್ಟ ಪಂಗಡದವರಿಗೆ ಜಿಡಿಯಲ್ಲಿ 150. ಆದರೆ ಮನೆ ಗೋಡೆಗೆ ನಿಂತು ಪೆನ್ಸಿಲ್‌ನಲ್ಲಿ ಗೀಟು ಹಾಕಿದ 158 ನಂಬಬೇಡಿ. ದಿನವಿಡೀ ನಿಂತು ಓಡಾಡಿದ ಮೇಲೆ ಬೆನ್ನೆಲುಬು ಕುಗ್ಗಿ ಸಂಜೆಗೆ ಒಂದು ಸೆಂ.ಮೀ. ಹತ್ತಿರ ಕಡಿಮೆ ಬರುತ್ತೆ. ತಾಲ್ಲೂಕು ಆಸ್ಪತ್ರೆಯ ಅಳತೆ ಕಂಬಕ್ಕೆ ಬರಿಗಾಲಲ್ಲಿ, ಜಡೆ ಬಿಚ್ಚಿ, ಹಿಮ್ಮಡಿ ಕೂಡಿಸಿ ನಿಂತು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆಸಿ. ಸಂಜೆಯೂ 157 ದಾಟಿದರೆ ನಿಶ್ಚಿಂತೆ.

ಈಗ ಓಟ. ರಾಜ್ಯ ಕಾನ್‌ಸ್ಟೇಬಲ್‌ಗೆ ಮಹಿಳೆಯರು 400 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು. ಜಿಡಿಗೆ 1.6 ಕಿ.ಮೀ., 8 ನಿಮಿಷ 30 ಸೆಕೆಂಡ್. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. 1600 ಮೀಟರ್ ಅಂದರೆ 400ರ ಟ್ರ್ಯಾಕ್‌ನಲ್ಲಿ ನಾಲ್ಕು ಸುತ್ತು, ಸುತ್ತಿಗೆ 2 ನಿಮಿಷ 7 ಸೆಕೆಂಡ್. ಪೊಲೀಸ್‌ಗೆ ಓಡೋ ವೇಗದಲ್ಲೇ ಹೆಚ್ಚುಕಡಿಮೆ ನಾಲ್ಕು ಸಲ ಓಡಿದರೆ ಅದೇ ಜಿಡಿ. 1600ಕ್ಕೆ ತಯಾರಾದವಳಿಗೆ 400 ತಾನಾಗಿ ಬರುತ್ತೆ, 400ಕ್ಕೆ ಮಾತ್ರ ತಯಾರಾದವಳು 1600ರ ಎರಡನೇ ಸುತ್ತಲ್ಲೇ ನಡೆಯೋಕೆ ಶುರು ಮಾಡ್ತಾಳೆ. ಅದಕ್ಕೆ ನಿಮ್ಮ ಗುರಿ ಒಂದೇ ಇರಲಿ: ನಾಲ್ಕು ಸುತ್ತು, ತಲಾ 2 ನಿಮಿಷ, ಒಟ್ಟು 8. ಉಳಿದ 30 ಸೆಕೆಂಡ್ ಪರೀಕ್ಷೆಯ ದಿನದ ನೂಕುನುಗ್ಗಲು, ಬಿಸಿಲು, ಗೊತ್ತಿಲ್ಲದ ನೆಲಕ್ಕೆ ಖರ್ಚಾಗುತ್ತೆ. ಮುಂದೆ ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಕಾನ್‌ಸ್ಟೇಬಲ್ ಕರೆದರೆ ಅಲ್ಲಿ 800 ಮೀಟರ್ 3 ನಿಮಿಷ 40 ಸೆಕೆಂಡ್, ಸುತ್ತಿಗೆ 1:50. ಅದು ಇವೆರಡಕ್ಕಿಂತ ಗಟ್ಟಿ. ಅಲ್ಲಿ 9 ಅಡಿ ಉದ್ದಜಿಗಿತ, 3 ಅಡಿ ಎತ್ತರ ಜಿಗಿತ ಎರಡೂ ಬೇಕು.

"ರಿಸಲ್ಟ್ ಬಂದ ಮೇಲೆ" ಅನ್ನೋ ಮಾತು ಹುಟ್ಟಿದ್ದೇಕೆ ಅಂದರೆ, ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಲಿಖಿತ ಪರೀಕ್ಷೆ ಮೊದಲು, ದೈಹಿಕ ಪರೀಕ್ಷೆ ಆಮೇಲೆ. ಜಿಡಿಯಲ್ಲೂ ಕಂಪ್ಯೂಟರ್ ಪರೀಕ್ಷೆಯೇ ಮೊದಲು. ಫಿಸಿಕಲ್‌ಗೆ ಅಂಕವೂ ಇಲ್ಲ, ಪಾಸ್ ಅಥವಾ ಫೇಲ್. ಆದರೆ ಕರೆಪತ್ರ ಬಂದ ಮೇಲೆ ಕೈಯಲ್ಲಿ ಉಳಿಯೋದು ಕೆಲವೇ ವಾರ. ಉಸಿರು, ಎದೆಬಡಿತ ಐದಾರು ವಾರದಲ್ಲಿ ಸುಧಾರಿಸುತ್ತೆ, ಎಲುಬು ಮತ್ತು ಸ್ನಾಯುವನ್ನು ಎಲುಬಿಗೆ ಕಟ್ಟುವ ತಂತು ಅಷ್ಟು ಬೇಗ ಗಟ್ಟಿಯಾಗೋದಿಲ್ಲ. ಉಸಿರು ಸಾಲುತ್ತೆ ಅಂತ ದಿನಾ ಓಡಿದವರ ಮೊಣಕಾಲಿನ ಕೆಳಗೆ, ಮುಂಗಾಲಿನ ಎಲುಬಿನ ಅಂಚಲ್ಲಿ ನೋವು ಶುರುವಾಗೋದು ಇದೇ ಕಾರಣಕ್ಕೆ. ಆ ನೋವು ಅಂಚಿನುದ್ದಕ್ಕೂ ಹರಡಿದ್ದರೆ ಒಂದು ವಾರ ಓಟ ನಿಲ್ಲಿಸಿ, ಆಮೇಲೆ ಅರ್ಧದಿಂದ ಶುರು ಮಾಡಿ. ಬೆರಳು ಇಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋಯುತ್ತಿದ್ದರೆ ಅದು ಎಲುಬಿನ ಸಣ್ಣ ಬಿರುಕು ಇರಬಹುದು, ಎಲುಬಿನ ಡಾಕ್ಟರಿಗೆ ತೋರಿಸಲೇಬೇಕು. ಈ ಬಿರುಕು ಸೇನೆ, ಪೊಲೀಸ್ ತರಬೇತಿಯಲ್ಲಿ ಗಂಡಸರಿಗಿಂತ ಹೆಣ್ಣುಮಕ್ಕಳಿಗೆ ಹೆಚ್ಚು ಬರುತ್ತೆ. ಊಟ ಕಡಿಮೆಯಾಗಿ ಮುಟ್ಟು ತಪ್ಪಿದವರಿಗೆ ಇನ್ನೂ ಹೆಚ್ಚು.

ಕ್ರಮ ಹೀಗಿಟ್ಟುಕೊಳ್ಳಿ, 14ರಿಂದ 16 ವಾರಕ್ಕೆ. ನೀವು ಕೇಳಿದ ಮೂರು ತಿಂಗಳು ಸಾಲಬಹುದು, ಆದರೆ ನಾಲ್ಕು ಇದ್ದರೆ ಗಾಯದ ಭಯ ಕಡಿಮೆ. ಮೊದಲ ಮೂರು ವಾರ ದಿನ ಬಿಟ್ಟು ದಿನ: 5 ನಿಮಿಷ ಬಿರುಸು ನಡಿಗೆ, ಆಮೇಲೆ 2 ನಿಮಿಷ ನಿಧಾನ ಓಟ, 1 ನಿಮಿಷ ನಡಿಗೆ, ಹೀಗೆ ಎಂಟು ಸಲ. ನಾಲ್ಕನೇ ವಾರದಿಂದ ಎಂಟನೇ ವಾರದವರೆಗೆ ವಾರಕ್ಕೆ ಎರಡು ದಿನ ನಿಲ್ಲದೆ 20 ನಿಮಿಷ ಓಟ, ಅದನ್ನೇ 30ಕ್ಕೆ ಏರಿಸುತ್ತಾ ಹೋಗಿ. ಪಕ್ಕದವಳ ಜೊತೆ ಮಾತಾಡೋಕೆ ಆಗೋಷ್ಟು ನಿಧಾನ ಇರಲಿ. ಮೂರನೇ ದಿನ 400 ಮೀಟರ್ ನಾಲ್ಕು ಸಲ, ತಲಾ 2:10, ನಡುವೆ 3 ನಿಮಿಷ ನಡಿಗೆ. ಒಂಬತ್ತನೇ ವಾರದಿಂದ ಅದೇ 400 ಐದು ಸಲ, ತಲಾ 2 ನಿಮಿಷ, ವಿಶ್ರಾಂತಿ 2 ನಿಮಿಷ. ಇನ್ನೊಂದು ದಿನ 800 ಎರಡು ಸಲ, 4:05ರೊಳಗೆ. ಮತ್ತೊಂದು ದಿನ 4-5 ಕಿ.ಮೀ. ನಿಧಾನ. ಎರಡು ವಾರಕ್ಕೊಮ್ಮೆ ಗಡಿಯಾರ ಹಿಡಿದು ಪೂರ್ತಿ 1600. ಕೊನೆಯ ಹತ್ತು ದಿನ ಅರ್ಧಕ್ಕೆ ಇಳಿಸಿ.

1600ರಲ್ಲಿ ಫೇಲಾಗುವವರು ಬಹುತೇಕ ಕೊನೆಯ ಸುತ್ತಲ್ಲಿ ಫೇಲಾಗ್ತಾರೆ, ಕೆಲಸ ಕೆಟ್ಟಿರೋದು ಮಾತ್ರ ಮೊದಲ ಸುತ್ತಲ್ಲಿ. ಸೀಟಿ ಊದಿದ ಕೂಡಲೇ ಎಲ್ಲರೂ ಕಿತ್ತುಕೊಂಡು ಓಡ್ತಾರೆ, ನೀವೂ ಜೊತೆಗೆ ಹೋದರೆ ಮೊದಲ ಸುತ್ತು 1:40ಕ್ಕೆ ಮುಗಿಯುತ್ತೆ, ಮೂರನೇದು 2:25 ಆಗುತ್ತೆ, ನಾಲ್ಕನೇದಕ್ಕೆ ಕಾಲು ಏಳೋದಿಲ್ಲ. ಮೊದಲ 200 ಮೀಟರ್ ದಾಟುವಾಗ ಗಡಿಯಾರ 58ರಿಂದ 60 ಸೆಕೆಂಡ್ ತೋರಿಸಬೇಕು. 50 ತೋರಿಸಿದರೆ ಆಗಲೇ ಇಳಿಸಿಕೊಳ್ಳಿ. ಹಿಂದೆ ಉಳಿದೆ ಅನ್ನೋ ಭಯ ಮೂರನೇ ಸುತ್ತಲ್ಲಿ ಹೋಗಿಬಿಡುತ್ತೆ.

ಊರಲ್ಲಿ ಟ್ರ್ಯಾಕ್ ಇಲ್ಲ ಅಂದರೆ ಕಾಲುವೆ ಪಕ್ಕದ ಮಣ್ಣುದಾರಿ ಡಾಂಬರಿಗಿಂತ ಒಳ್ಳೇದು. ಟೇಪ್ ಹಿಡಿದು 200 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣದ ಗೀಟು ಹಾಕಿ, ಎಂಟು ಸಲ ಹೋದರೆ 1600. ಮೊಬೈಲ್ ಆ್ಯಪ್ ಚಿಕ್ಕ ದೂರಕ್ಕೆ ತಪ್ಪು ತೋರಿಸುತ್ತೆ. ಎರೆಹೊಲದಲ್ಲಿ ಓಡಬೇಡಿ, ಬೇಸಿಗೆಯಲ್ಲಿ ಬಿರುಕಿಗೆ ಪಾದ ಸಿಕ್ಕಿ ಉಳುಕುತ್ತೆ, ಮಳೆಗಾಲದಲ್ಲಿ ಬೂಟಿಗೆ ಕೆಸರು ಮೆತ್ತಿಕೊಂಡು ಕಾಲು ಭಾರವಾಗುತ್ತೆ. ನಮ್ಮ ಕಡೆ ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ಬೆಳಿಗ್ಗೆ ಏಳರೊಳಗೆ ಮುಗಿಸಲೇಬೇಕು. ಓಟದ ಬೂಟಿನಲ್ಲಿ ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಲಿ. ಗಟ್ಟಿಯಾದ ಸ್ಪೋರ್ಟ್ಸ್ ಬ್ರಾ ಕೂಡ ಬೂಟಿನಷ್ಟೇ ಮುಖ್ಯ. ಎಷ್ಟೋ ಹುಡುಗಿಯರು ಸಂಕೋಚಕ್ಕೆ ಇದನ್ನು ಕೇಳೋದೇ ಇಲ್ಲ, ಮೈ ಬಿಗಿ ಹಿಡಿದು ತೋಳು ಬೀಸದೆ ಓಡಿ ವೇಗ ಕಳೆದುಕೊಳ್ತಾರೆ.

ಓಟಕ್ಕಿಂತ ಹೆಚ್ಚು ಜನ ಬೀಳೋದು ಗುಂಡು ಎಸೆತದಲ್ಲಿ. ರಾಜ್ಯ ಪೊಲೀಸ್‌ನಲ್ಲಿ ಮಹಿಳೆಯರಿಗೆ 4 ಕೆ.ಜಿ. ಗುಂಡು, 3.75 ಮೀಟರ್, ಮೂರು ಅವಕಾಶ. ಹೊಲದಲ್ಲಿ ಹೊರೆ ಹೊತ್ತು ಬೆಳೆದ ಗಟ್ಟಿ ಹುಡುಗಿಯೂ ಇಲ್ಲಿ 3.20ಕ್ಕೆ ನಿಲ್ಲುತ್ತಾಳೆ, ಯಾಕಂದರೆ ಅದನ್ನು ಕಲ್ಲು ಎಸೆದ ಹಾಗೆ ಎಸೆಯುತ್ತಾಳೆ. ಗುಂಡನ್ನು ಎಸೆಯಬಾರದು, ಕುತ್ತಿಗೆಯಿಂದ ತಳ್ಳಬೇಕು. ಅಂಗೈಯಲ್ಲಿ ಕೂರಿಸಬೇಡಿ, ಬೆರಳುಗಳ ಬುಡದ ಮೇಲೆ ಇಡಿ, ಹೆಬ್ಬೆರಳು ಕಿರುಬೆರಳು ಪಕ್ಕಕ್ಕೆ ಆಧಾರ. ದವಡೆಯ ಕೆಳಗೆ ಕುತ್ತಿಗೆಗೆ ಒತ್ತಿ, ಮೊಣಕೈ ಹೊರಗೆ ಎತ್ತಿ. ಎಸೆಯುವ ದಿಕ್ಕಿಗೆ ಪಕ್ಕವಾಗಿ ನಿಂತು, ಹಿಂದಿನ ಕಾಲಿನ ಮಂಡಿ ಬಗ್ಗಿಸಿ ಭಾರವೆಲ್ಲ ಅದರ ಮೇಲೆ ಹಾಕಿ. ಮೊದಲು ಆ ಕಾಲು ನೆಲ ಒದೆಯಬೇಕು, ಆಮೇಲೆ ಸೊಂಟ ತಿರುಗಬೇಕು, ಎದೆ ಎದುರಿಗೆ ಬಂದ ಮೇಲೆ ಕೊನೆಗೆ ಕೈ. ಕೈ ಮೊದಲು ಹೋದರೆ ಕಾಲಿನ ಬಲ ಪೂರ್ತಿ ವ್ಯರ್ಥ. ಕಣ್ಣು ನೆಲದ ಗುರುತಿನ ಮೇಲಲ್ಲ, ಎದುರಿನ ಮರದ ನೆತ್ತಿಯ ಮೇಲಿರಲಿ, ಗುಂಡು ಎತ್ತರಕ್ಕೆ ಹೋದರೇ ದೂರ ಬೀಳುತ್ತೆ. ಮೊಣಕೈ ಕೆಳಗೆ ಜಾರಿ ಗುಂಡು ಭುಜದ ಹಿಂದಿನಿಂದ ಬಂದರೆ ಫೌಲ್, ಮೇಲಾಗಿ ಮೊಣಕೈ ಒಳಬದಿಯಲ್ಲಿ ನೋವು ಕಚ್ಚಿಕೊಳ್ಳುತ್ತೆ. ಎಸೆದ ಖುಷಿಯಲ್ಲಿ ವೃತ್ತದ ಮುಂದೆ ಹೆಜ್ಜೆ ಇಟ್ಟರೂ ಫೌಲ್. ತಡೆದು ನಿಂತು ಹಿಂದಿನ ಅರ್ಧದಿಂದ ಹೊರಗೆ ಬನ್ನಿ. ವಾರಕ್ಕೆ ಎರಡು ದಿನ, ದಿನಕ್ಕೆ 15-20 ಎಸೆತ ಸಾಕು. ಕೈಗೆ ಸಿಕ್ಕ ಕಲ್ಲಲ್ಲಿ ಅಭ್ಯಾಸ ಬೇಡ, ಹಿಡಿತ ಕೆಡುತ್ತೆ; ನಾಲ್ಕೈದು ಗೆಳತಿಯರು ಸೇರಿ ಒಂದು 4 ಕೆ.ಜಿ. ಕಬ್ಬಿಣದ ಗುಂಡು ಕೊಂಡುಕೊಳ್ಳಿ. ಅದೇ ದಿನಗಳಲ್ಲಿ ಬಸ್ಕಿ 12ರಂತೆ ಮೂರು ಸಲ, ಮಂಡಿಯೂರಿ ದಂಡ 8ರಂತೆ ಮೂರು ಸಲ, ಒಂಟಿಕಾಲಲ್ಲಿ ಹಿಮ್ಮಡಿ ಎತ್ತೋದು 15ರಂತೆ ಎರಡು ಸಲ.

ರಾಜ್ಯ ಪೊಲೀಸ್‌ನ ಜಿಗಿತದಲ್ಲಿ ಉದ್ದಜಿಗಿತ 2.50 ಮೀಟರ್ ಅಥವಾ ಎತ್ತರ ಜಿಗಿತ 0.90 ಮೀಟರ್, ಯಾವುದಾದರೂ ಒಂದು. ಉದ್ದಜಿಗಿತವನ್ನೇ ತಗೊಳ್ಳಿ. 10 ಹೆಜ್ಜೆಯ ಓಟ ಸಾಕು, ಪ್ರತಿಸಲ ಅದೇ ಗುರುತಿನಿಂದ, ಅದೇ ಕಾಲಿನಿಂದ ಶುರು ಮಾಡಿ, ಇಲ್ಲಾಂದರೆ ಹಲಗೆ ತುಳಿಯೋ ಕಾಲು ದಿನಾ ಬದಲಾಗುತ್ತೆ. ಅಳತೆ ತೆಗೆಯೋದು ಮರಳಲ್ಲಿ ಹಲಗೆಗೆ ಹತ್ತಿರದ ಗುರುತಿನಿಂದ. ಪಾದ 2.70ರಲ್ಲಿ ಬಿದ್ದು ಕೈ 2.40ರಲ್ಲಿ ಊರಿದರೆ ನಿಮ್ಮ ಜಿಗಿತ 2.40. ಬಿದ್ದ ಮೇಲೆ ಮುಂದಕ್ಕೆ ಉರುಳಿ.

ಇನ್ನು 43 ಕೆ.ಜಿ. ರಾಜ್ಯ ಪೊಲೀಸ್‌ಗೆ ಕನಿಷ್ಠ 45 ಬೇಕು. ಎರಡು ಕೆ.ಜಿ. ಏರಿಸೋದು ಮೂರು ತಿಂಗಳ ಕೆಲಸ, ಹಿಂದಿನ ರಾತ್ರಿ ಬಾಳೆಹಣ್ಣು ತಿಂದು ನೀರು ಕುಡಿದು ಆಗುವಂಥದ್ದಲ್ಲ. ಹಾಗೆ ಮಾಡಿ ಹೊಟ್ಟೆ ತುಂಬ ನೀರಿಟ್ಟುಕೊಂಡು ಓಡಿದರೆ ಪಕ್ಕೆ ಹಿಡಿಯುತ್ತೆ. ನಮ್ಮ ಮನೆ ಊಟ ಇದಕ್ಕೆ ಸಾಕು: ಜೋಳದ ರೊಟ್ಟಿ ಒಂದು ಹೆಚ್ಚಿಗೆ, ತೊಗರಿ ಬೇಳೆ ಗಟ್ಟಿಯಾಗಿ, ಶೇಂಗಾ ಹಿಂಡಿ ಜೊತೆ ದಿನಾ ಒಂದು ಹಿಡಿ ನೆನೆಸಿದ ಶೇಂಗಾ, ತಿನ್ನುವವರಾದರೆ ಎರಡು ಮೊಟ್ಟೆ, ಇಲ್ಲದಿದ್ದರೆ ಹಾಲು ಮೊಸರು. ಓಡಿ ಬಂದ ಅರ್ಧ ಗಂಟೆಯೊಳಗೆ ಏನಾದರೂ ತಿನ್ನಿ, ಚಹಾ ಕುಡಿದು ಮಧ್ಯಾಹ್ನದವರೆಗೆ ಇರಬೇಡಿ.

ಇದಕ್ಕೂ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆ ಅಂದರೆ ರಕ್ತಹೀನತೆ. ಎಷ್ಟು ಓಡಿದರೂ ಎರಡನೇ ಸುತ್ತಿಗೇ ಏದುಸಿರು ಬರುವ ಹುಡುಗಿಯನ್ನು "ಸೋಮಾರಿ" ಅಂತ ಬೈಯೋದನ್ನು ಕೇಳಿದಾಗ ನನಗೆ ಬಹಳ ಸಂಕಟ ಆಗುತ್ತೆ, ಅವಳಿಗೆ ಬೇಕಿರೋದು ಬೈಗುಳ ಅಲ್ಲ, ಕಬ್ಬಿಣದ ಮಾತ್ರೆ. ಮಾತ್ರೆ ಪ್ರಮಾಣ ಡಾಕ್ಟರ್ ಹೇಳಲಿ. ಊಟದ ಜೊತೆ ನಿಂಬೆ ಹಿಂಡಿಕೊಳ್ಳಿ, ಊಟಕ್ಕೆ ಹತ್ತಿಕೊಂಡು ಚಹಾ ಬೇಡ, ಕಬ್ಬಿಣ ಮೈಗೆ ಹತ್ತೋದಿಲ್ಲ. ಜಿಡಿಗೆ ಕನ್ನಡಕ ನಡೆಯೋದಿಲ್ಲ, ಕಣ್ಣಿನ ಪರೀಕ್ಷೆಯನ್ನೂ ಈಗಲೇ ಮಾಡಿಸಿ. ಬಲಗೈ ಮೇಲೆ ಹಚ್ಚೆ ಹಾಕಿಸಿಕೊಳ್ಳಬೇಡಿ, ಸೆಲ್ಯೂಟ್ ಹೊಡೆಯುವ ಕೈ ಅದು.

"ಹುಡುಗರಿಗೆ 1600 ಮೀಟರ್ ಆರೂವರೆ ನಿಮಿಷ, 7.26 ಕೆ.ಜಿ. ಗುಂಡು, ನಿಮಗೆ ಮಾತ್ರ ಸಲೀಸು" ಅಂತ ಕೋಚಿಂಗ್‌ನಲ್ಲಿ ಹುಡುಗರು ಕೆಣಕ್ತಾರೆ ಅಂತಲೂ ಬರೆದಿದ್ದೀರಿ. ಗುಂಡಿನ ತೂಕ ಬೇರೆ ಇರೋದು ಒಲಿಂಪಿಕ್ಸ್‌ನಲ್ಲೂ ಇದೆ, ಅಲ್ಲೂ ಹೆಣ್ಣುಮಕ್ಕಳಿಗೆ 4 ಕೆ.ಜಿ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ 400 ಮೀಟರ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಆ ಮಟ್ಟ ಹುಡುಗಿಯರಿಗೆ ಉಪಕಾರ ಮಾಡ್ತಿಲ್ಲ. 400ಕ್ಕೆ ತಯಾರಾಗಿ ತರಬೇತಿಗೆ ಹೋದವಳು ಮಾರನೇ ದಿನದಿಂದಲೇ ತಿಂಗಳುಗಟ್ಟಲೆ ಪಿಟಿ, ಪರೇಡ್, ದೂರದ ಓಟ ಎದುರಿಸಬೇಕು, ಕಾಲೆಲುಬು ಬಿರಿಯೋದು ಅಲ್ಲೇ. ಜಿಡಿಯಂತೆ ಇಲ್ಲೂ 1600 ಇಟ್ಟು, ಒಂದು ವರ್ಷ ಮುಂಚೆ ತಿಳಿಸಿ, ತಾಲ್ಲೂಕು ಕ್ರೀಡಾಂಗಣಗಳನ್ನು ಬೆಳಗಿನ ಐದಕ್ಕೆ ದೀಪ ಹಾಕಿ ಹುಡುಗಿಯರಿಗೆ ತೆರೆದರೆ ಅದೇ ನ್ಯಾಯ.

ಪರೀಕ್ಷೆಯ ದಿನ ಮುಟ್ಟು ಬರಬಹುದು. ಮುಂದೂಡೋ ಮಾತ್ರೆಯನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿ ನುಂಗಬೇಡಿ, ಬೇಕೇ ಬೇಕೆಂದರೆ ಡಾಕ್ಟರ್ ಹತ್ತಿರ ಹೋಗಿ. ಅಭ್ಯಾಸದ ತಿಂಗಳುಗಳಲ್ಲಿ ಮುಟ್ಟಿನ ದಿನವೂ ನಿಧಾನವಾಗಿ ಓಡಿ ನೋಡಿದ್ದರೆ ಆ ದಿನ ಹೆದರಿಕೆ ಇರೋದಿಲ್ಲ. ಕೇಂದ್ರ ದೂರ ಇದ್ದರೆ ಹಿಂದಿನ ದಿನವೇ ತಲುಪಿ. ಓಟಕ್ಕೆ ಎರಡು ಗಂಟೆ ಮುಂಚೆ ಹಗುರಾಗಿ ತಿಂದು ಮುಗಿಸಿ, ಎಂದಿನ ಹಳೆಯ ಬೂಟನ್ನೇ ಹಾಕಿಕೊಳ್ಳಿ. ಎತ್ತರದ ಅಳತೆ ತಪ್ಪಾಗಿದೆ ಅನ್ನಿಸಿದರೆ ಜಿಡಿಯಲ್ಲಿ ಅಲ್ಲೇ ಮೇಲ್ಮನವಿ ಕೊಡಬಹುದು. ಮೈದಾನ ಬಿಟ್ಟು ಮನೆಗೆ ಬಂದ ಮೇಲೆ ಆಗೋದಿಲ್ಲ.

ಕಾಗದಪತ್ರದಲ್ಲಿ ಒಂದೇ ಮಾತು: ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ರಾಜ್ಯದ ಹುದ್ದೆಗೆ ಮಾತ್ರ, ಜಿಡಿಗೆ ಅದು ಲೆಕ್ಕಕ್ಕಿಲ್ಲ, ಅಲ್ಲಿ ವಾಸಸ್ಥಳ ಪ್ರಮಾಣಪತ್ರ ಕೇಳ್ತಾರೆ. ಎರಡನ್ನೂ ಅರ್ಜಿ ಕರೆಯುವ ಮೊದಲೇ ಮಾಡಿಸಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರೋ ಹೆಸರಿನ ಅಕ್ಷರ ಆಧಾರ್‌ಗೆ ತಾಳೆಯಾಗುತ್ತಾ ಅಂತ ನೋಡಿಕೊಳ್ಳಿ.