ಅಡಿಕೆ ಬುಡದ ಅಣಬೆ ತಮ್ಮನಿಗೆ ಮದ್ದಾದೀತೇ?

ತೀರ್ಥಹಳ್ಳಿ ತಾಲ್ಲೂಕಿನಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ತಮ್ಮನಿಗೆ ಎರಡು ವರ್ಷದ ಹಿಂದೆ ಮೂತ್ರಪಿಂಡದ ಕಸಿಯಾಗಿದೆ. ಮಳೆಗಾಲ ಹಿಡಿಯಿತೆಂದರೆ ಶೀತ, ಕೆಮ್ಮು ಬೆನ್ನು ಬಿಡುವುದಿಲ್ಲ. ನೆಂಟರೊಬ್ಬರು ‘ರೋಗನಿರೋಧಕ ಶಕ್ತಿ ಹೆಚ್ಚುತ್ತದೆ’ ಎಂದು ಗ್ಯಾನೊಡರ್ಮ ಅಣಬೆಯ ಪುಡಿ ತಂದುಕೊಟ್ಟಿದ್ದಾರೆ. ಡಬ್ಬಿಯ ಮೇಲಿರುವಂಥದ್ದೇ ಅಣಬೆ ನಿಮ್ಮ ತೋಟದ ಅಡಿಕೆ ಬುಡದಲ್ಲೂ ಎದ್ದಿದೆ, ಅದನ್ನೇ ಒಣಗಿಸಿ ಪುಡಿ ಮಾಡಿ ಕೊಡಬಹುದೇ ಎಂದು ಕೇಳಿದ್ದೀರಿ.

ಡಬ್ಬಿಯದ್ದನ್ನೂ ಕೊಡಬೇಡಿ, ತೋಟದ್ದನ್ನೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇಂದೇ ನಿಲ್ಲಿಸಿ, ಅವರನ್ನು ನೋಡಿಕೊಳ್ಳುತ್ತಿರುವ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ.

ನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆಯಲ್ಲೇ ತಪ್ಪಿದೆ. ದೇಹದ ಕಾವಲು ವ್ಯವಸ್ಥೆಗೆ ಇನ್ನೊಬ್ಬರ ಮೂತ್ರಪಿಂಡ ಹೊರಗಿನ ವಸ್ತು. ಅದರ ಮೇಲೆ ಎರಗದಂತೆ ಈ ವ್ಯವಸ್ಥೆಯನ್ನು ತಗ್ಗಿಸಿಡಲೆಂದೇ ನಿಮ್ಮ ತಮ್ಮ ದಿನಾ ಮಾತ್ರೆ ನುಂಗುತ್ತಿರುವುದು. ಅದನ್ನು ಕೆರಳಿಸಬಲ್ಲ ಪುಡಿಯನ್ನು ಮೇಲಿಂದ ಕೊಟ್ಟರೆ ಕಸಿಯಾದ ಅಂಗಕ್ಕೇ ಕುತ್ತು ಬಂದೀತು. ಕಸಿಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಸೈಕ್ಲೋಸ್ಪೊರಿನ್ ಎಂಬ ಔಷಧ ಸಿಕ್ಕಿದ್ದು ಮಣ್ಣಿನ ಒಂದು ಶಿಲೀಂಧ್ರದಿಂದ. 1983ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಆ ಔಷಧದ ಕೆಲಸ ನಿರೋಧಕ ಶಕ್ತಿಯನ್ನು ಕುಗ್ಗಿಸುವುದು! ಅಣಬೆಯೂ ಶಿಲೀಂಧ್ರವೇ; ಆ ಬಳಗದಲ್ಲಿ ಕೆರಳಿಸುವ, ಕುಗ್ಗಿಸುವ ಎರಡೂ ಬಗೆಯ ಶಕ್ತಿ ಇದೆ.

ಹಾಗೆಂದು ಅಣಬೆಯ ಔಷಧ ಗುಣವೆಲ್ಲ ಕಟ್ಟುಕತೆಯಲ್ಲ. ಅಣಬೆಯ ಕೋಶಭಿತ್ತಿಯಲ್ಲಿ ಬೀಟಾ ಗ್ಲೂಕನ್ ಎಂಬ ಸಕ್ಕರೆ ಸರಪಳಿಗಳಿರುತ್ತವೆ. ನಮ್ಮ ಕೆಲವು ಬಿಳಿ ರಕ್ತಕಣಗಳು ಅವನ್ನು ಗುರುತಿಸಿ ಎಚ್ಚರಗೊಳ್ಳುತ್ತವೆ. ಜಪಾನಿನಲ್ಲಿ ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಚುಚ್ಚುಮದ್ದಿಗೆ 1985ರಲ್ಲಿ ಜಠರದ ಕ್ಯಾನ್ಸರ್ ಚಿಕಿತ್ಸೆಗೆ ಪೂರಕವಾಗಿ ಅನುಮತಿ ಸಿಕ್ಕಿತು. ಆದರೆ ಅದು ಶುದ್ಧೀಕರಿಸಿದ, ಅಳತೆಯಿಟ್ಟು ವೈದ್ಯರೇ ಕೊಡುವ ಮದ್ದು. ಆ ಹೆಸರನ್ನು ಚಮಚದಲ್ಲಿ ಕಲಸಿ ಕುಡಿಯುವ ಪುಡಿಗೆ ಅಂಟಿಸುವುದು ನ್ಯಾಯವಲ್ಲ. ಗ್ಯಾನೊಡರ್ಮ ಪುಡಿ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಇನ್ನು ನಿಮ್ಮ ತೋಟದ ವಿಷಯ. ಪತ್ರ ಓದುವಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಮನೆಯ ಹಿಂದಿನ ತೋಟ. ಕಡಿದುಹಾಕಿದ ಅಡಿಕೆಯ ಬೊಡ್ಡೆಗೆ ಅಂಟಿಕೊಂಡು ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಗಂದು ಬಣ್ಣದ ಬೀಸಣಿಗೆ, ಅಂಚಿನಲ್ಲಿ ಬಿಳಿ ಪಟ್ಟಿ. ಅದರ ಅಡಿಭಾಗವನ್ನು ಉಗುರಿನಿಂದ ಗೀರಿದರೆ ಗೀರು ಕಂದಾಗುತ್ತದೆ. ಸುತ್ತಲಿನ ಎಲೆಗಳ ಮೇಲೆ ಕೋಕೋ ಪುಡಿ ಉದುರಿಸಿದಂತೆ ಬೀಜಕಣಗಳು. ಮುರಿಯಲು ಹೋದರೆ ಕೈಯಲ್ಲಿ ಆಗುವುದಿಲ್ಲ, ಕತ್ತಿಯೇ ಬೇಕು. ಅಡಿಕೆ ಬೆಳೆಗಾರರಾದ ನಾವು ಹೆದರುವ ಅಣಬೆ ರೋಗ ತರುವ ಗ್ಯಾನೊಡರ್ಮ ಇದೇ. ಗ್ಯಾನೊಡರ್ಮದಲ್ಲಿ ಹಲವು ಪ್ರಭೇದಗಳಿದ್ದು, ಬರೀ ಕಣ್ಣಿನಲ್ಲಿ ಬೇರ್ಪಡಿಸಲು ಬರುವುದಿಲ್ಲ. ಅಣಬೆಗಳು ಸುತ್ತಲಿನ ಲೋಹಗಳನ್ನೂ ಹೀರಿಕೊಳ್ಳುತ್ತವೆ, ನಾವೋ ಕೊಳೆರೋಗಕ್ಕೆಂದು ವರ್ಷವರ್ಷವೂ ತಾಮ್ರವಿರುವ ಮೈಲುತುತ್ತ ಹೊಡೆದ ತೋಟದವರು.

ಬುಡದಲ್ಲಿ ಈ ಅಣಬೆ ಕಾಣಿಸಿತೆಂದರೆ ರೋಗ ಬೇರಿನಲ್ಲಿ ಹಳೆಯದಾಗಿದೆ ಎಂದೇ ಅರ್ಥ. ಸತ್ತ ಮರವನ್ನು ಬೊಡ್ಡೆ, ಬೇರು ಸಮೇತ ಕಿತ್ತು ಸುಟ್ಟುಬಿಡಿ. ರೋಗ ತಗುಲಿದ ಮರದ ಸುತ್ತ ಎರಡಡಿ ಆಳ, ಒಂದಡಿ ಅಗಲದ ಕಂದಕ ತೋಡಿ, ಬೇರಿನಿಂದ ಬೇರಿಗೆ ದಾಟುವುದು ತಪ್ಪುತ್ತದೆ. ಬಸಿಗಾಲುವೆಯಲ್ಲಿ ನೀರು ನಿಲ್ಲಗೊಡಬೇಡಿ. ಉಳಿದ ಒಂದೊಂದು ಮರಕ್ಕೂ ವರ್ಷಕ್ಕೆ 2 ಕಿಲೋದಷ್ಟು ಬೇವಿನ ಹಿಂಡಿ ಕೊಡಿ.

ತಮ್ಮನಿಗೆ ಅಣಬೆಯ ಪಲ್ಯ ಇಷ್ಟ ಎಂದೂ ಬರೆದಿದ್ದೀರಿ. ಬೇಸಾಯ ಮಾಡಿದ ಅಣಬೆಯನ್ನು ಚೆನ್ನಾಗಿ ಬೇಯಿಸಿ ತಿನ್ನಬಹುದೇ ಎಂದು ವೈದ್ಯರನ್ನು ಕೇಳಿ ನೋಡಿ. ಆದರೆ ಕಾಡಿನಿಂದ ತಂದದ್ದು ಅವರಿಗೆ ಬೇಡವೇ ಬೇಡ, ಹುತ್ತದ ಅಣಬೆ ಎಂದು ಯಾರು ಆಣೆಯಿಟ್ಟು ಹೇಳಿದರೂ ಸರಿ. ಕೆಲವು ವಿಷದ ಅಣಬೆಗಳು ಬೇಯಿಸಿದರೂ ವಿಷ ಬಿಡುವುದಿಲ್ಲ, ವಾಂತಿ ಶುರುವಾಗುವ ಹೊತ್ತಿಗೆ ಅರ್ಧ ದಿನವೇ ಕಳೆದಿರುತ್ತದೆ.

ಪದೇಪದೇ ಬರುವ ಶೀತವನ್ನು ಮಾತ್ರ ಹಗುರವಾಗಿ ಕಾಣಬೇಡಿ. ಕಸಿಯಾದವರಿಗೆ ಜ್ವರ ಬಂದರೆ ಕಷಾಯ ಕುಡಿಸಿ ಕಾಯುವಂತಿಲ್ಲ, ಅದೇ ದಿನ ವೈದ್ಯರಿಗೆ ತಿಳಿಸಬೇಕು. ಯಾವ ಲಸಿಕೆ ಹಾಕಿಸಬಹುದು ಎಂದೂ ವಿಚಾರಿಸಿ. ಮುಂದಿನ ತಪಾಸಣೆಗೆ ಹೋಗುವಾಗ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ನೆಂಟರು ಬೇಸರಪಟ್ಟುಕೊಂಡರೆ ಈ ಪುಟವನ್ನು ಅವರಿಗೆ ಓದಲು ಕೊಡಿ.

— ಸಂಪಾದಕ